ಕೀ ಇಲ್ಲದೆ ಹಾಡುವ ರೇಡಿಯೋ

4 ಜೂನ್ 2002, ಸಂಜೆ

ಇವತ್ತೂ ಕಾರು ಸ್ಟಾರ್ಟ್ ಆಗಲಿಲ್ಲ. ಬೀದಿಯವರು ತಳ್ಳಿದರು. ಗುರುಪುರದ ಸ್ಕೂಲಿಗೆ ಮತ್ತೆ ಲೇಟು. ಹೆಡ್‌ಮಾಸ್ಟರ ಮುಖ ನೋಡಬೇಕಿತ್ತು!

ಇವರು ಹೋಗಿ ಹದಿನಾಲ್ಕು ತಿಂಗಳು. ಹುಣಸೂರಿಗೇ ಹೆಸರಾದ ಆಟೋ ಎಲೆಕ್ಟ್ರಿಷಿಯನ್ ನೀಲಕಂಠಸ್ವಾಮಿ. ಸ್ವಂತ ಅಂಬಾಸಿಡರ್ ಬ್ಯಾಟರಿ ಮಾತ್ರ ಯಾವಾಗಲೂ ಡೌನ್. ಎಷ್ಟು ಬೈದಿದ್ದೇನೆ — "ಊರೋರ ಗಾಡಿ ಎಲ್ಲಾ ರಿಪೇರಿ ಮಾಡ್ತೀರಿ, ಮನೇದು ತಳ್ಳೋಕೆ ನಾಚ್ಕೆ ಆಗಲ್ವಾ?" ನಗುತ್ತಾ ತಳ್ಳುತ್ತಿದ್ದರು. ಸ್ಟೀರಿಂಗ್ ಹಿಡಿದು ಇನ್ನಷ್ಟು ಬೈಯುತ್ತಿದ್ದೆ. ನಾನು ಡ್ರೈವಿಂಗ್ ಕಲಿತದ್ದೇ ಹಾಗೆ.

ಮಗಳು ಸುಧಾ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದಳು. "ಭಾನುವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಮಾರಿಬಿಡಮ್ಮ." ಪಿರಿಯಾಪಟ್ಟಣದವರೊಬ್ಬರು ಕೇಳಿದ್ದಾರಂತೆ. ಹೂಂ ಅಂದೆ. ಆಮೇಲೆ ಊಟ ಸೇರಲಿಲ್ಲ.

5 ಜೂನ್

ಸಂಜೆ ಕಾರಿನಲ್ಲಿ ಕುಳಿತು ರೇಡಿಯೋ ಕೇಳಿದೆ. ಹಳೇ ಚಟ. ಹೊಗೆಸೊಪ್ಪಿನ ಹರಾಜಿಗೆ ಬಂದ ಲಾರಿ ಕೆಟ್ಟರೆ ಇವರು ಪಿರಿಯಾಪಟ್ಟಣಕ್ಕೆ ಓಡಬೇಕು. ನಾನೂ ಜೊತೆಗೆ. ಕಾರಿನ ಕೀ, ಟೂಲ್ ಬಾಕ್ಸಿನ ಕೀ ಒಂದೇ ಗೊಂಚಲಿನಲ್ಲಿ, ತೆಗೆದುಕೊಂಡೇ ಇಳಿಯುತ್ತಿದ್ದರು. ನಾನು ಮರದ ನೆರಳಲ್ಲಿ, ಕಾರಿನೊಳಗೆ... ಕಡ್ಲೇಕಾಯಿ, ಚಿತ್ರಗೀತೆ. ನಿದ್ದೆ ಬಂದರೆ ಸೌಂಡ್ ಸಣ್ಣ ಮಾಡಿ ಒರಗುವುದು. ಎಂಥ ಸುಖ ಅದು!

8 ಜೂನ್, ಶನಿವಾರ

ಲಿಂಗರಾಜು ಬಂದ. ಇವರ ಶಿಷ್ಯ, ಈಗ ಅವನದೇ ಅಂಗಡಿ. ಬ್ಯಾಟರಿ ಮೀಟರ್ ತಂದಿದ್ದ. ಡ್ಯಾಶ್‌ಬೋರ್ಡಿಗೆ ಕೂರಿಸಿದ. ಲೈನ್ ಕೊಡಲು ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದ. ಗಾಜಿನ ಫ್ಯೂಸು, ಎರಡೇ. ಒಂದಕ್ಕೆ ಕೀ ತಿರುಗಿಸಿದರೆ ಮಾತ್ರ ಕರೆಂಟು. ಇನ್ನೊಂದಕ್ಕೆ ಸದಾ. ಆ ಸದಾ ಇರುವುದಕ್ಕೆ ಒಂದು ನೀಲಿ ವೈರ್ ಸೇರಿತ್ತು — ರೇಡಿಯೋದು.

"ಯಾವ ಬೇಕೂಫ ಇಲ್ಲಿಗೆ ಕೊಟ್ಟಿದ್ದು?" ಅಂದೆ.

ಲಿಂಗರಾಜು ತಲೆ ಎತ್ತಲಿಲ್ಲ. "ಯಜಮಾನ್ರೇ ಕಣಮ್ಮ. 'ಕೀ ನನ್ ತಾವಿದ್ರೂ ಅವ್ಳಿಗೆ ಹಾಡು ಬರ್ಲಿ' ಅಂದ್ರು."

"ಮತ್ತೆ ಬ್ಯಾಟರಿ?"

"ನೀವು ಸೌಂಡ್ ಸಣ್ಣ ಮಾಡ್ತಿದ್ರಿ... ಗುಂಡೀನ ಟಕ್ ಅಂತ ಆಫ್ ಆಗೋಗಂಟ ತಿರುಗುಸ್ತಿರ್ನಿಲ್ಲ. ಬೆಳಗಾನ ರೇಡಿಯೋ ಆನ್ ಆಗೇ ಇರೋದು. ನಿಮ್ಗೆ ಹೇಳ್ತೀನಿ ಅಂದ್ರೆ, 'ಬುಡ್ಲಾ, ಹೇಳುದ್ರೆ ಹಾಡು ಕೇಳೋದೇ ಬುಟ್ಬುಡ್ತಾಳೆ. ನಾನ್ ತಳ್ಕತೀನಿ' ಅಂದ್ರು."

ಹದಿನೆಂಟು ವರ್ಷ ಬೈದೆ. ಹದಿನೆಂಟು ವರ್ಷ! ಅಯ್ಯೋ, ಒಂದು ಸಲ ಬಾಯಿ ಬಿಡಬಾರದಿತ್ತೇ ಮಹಾರಾಯರು? ಅಡುಗೆಮನೆಗೆ ಹೋಗಿ ಅತ್ತೆ. ನಲ್ಲಿ ಬಿಟ್ಟುಕೊಂಡು.

"ವೈರು ಕೀ ಕಡೀಕೆ ಹಾಕ್ಬುಡ್ಲಾ ಅಮ್ಮಾವ್ರೇ?"

"ಮುಟ್ಟಿದ್ರೆ ನೋಡು! ಮೀಟರನ್ನೂ ಅದರ ಪಕ್ಕಕ್ಕೇ ಕೊಡು."

ಮೀಟರಿನ ಲೈನಿಗೆ ಒಂದು ಸ್ವಿಚ್ ಹಾಕಿಕೊಟ್ಟ. ಕಾಫಿ ಕುಡಿದು ಹೋದ.

ಸುಧಾಗೆ ಫೋನ್ ಮಾಡಿದೆ. ಮಾರುವುದಿಲ್ಲ ಅಂದೆ. "ಏನಾಗಿತ್ತಂತೆ?" "ಕೆಡಿಸ್ತಾ ಇದ್ದದ್ದು ನಾನೇ ಕಣೇ."

9 ಜೂನ್, ಭಾನುವಾರ, ಸಂಜೆ 6

ಕಾರಿನಲ್ಲಿ ಕುಳಿತೇ ಬರೆಯುತ್ತಿದ್ದೇನೆ. ಕೀ ಗೊಂಚಲು ಅಡುಗೆಮನೆಯ ಮೊಳೆಯಲ್ಲಿದೆ. ರೇಡಿಯೋ ಹಾಡುತ್ತಿದೆ. ಕಡ್ಲೇಕಾಯಿ ಎರಡು ಪೊಟ್ಟಣ ತಂದೆ, ಯಾಕೋ. ಮೀಟರಿನ ಮುಳ್ಳು ಹನ್ನೆರಡರ ಮೇಲಿದೆ. ಅದಕ್ಕಿಂತ ಕೆಳಗಿಳಿದರೆ ರೇಡಿಯೋ ಆಫ್ ಮಾಡಬೇಕಂತೆ. ಮಾಡುತ್ತೇನೆ, ಟಕ್ ಅನ್ನುವ ತನಕ ತಿರುಗಿಸುತ್ತೇನೆ. ಈಗ ತಳ್ಳುವವರಿಲ್ಲ. ಇದೊಂದು ಹಾಡು ಮುಗಿಯಲಿ. ಅಷ್ಟರಲ್ಲಿ ಇವರು ಕೆಲಸ ಮುಗಿಸಿ, ಕೈ ಒರೆಸಿಕೊಂಡು —