ಜೇನಿಗೆ ಹೇಳಿದ ಸಾವು

ಹಾಸೆಲ್‌ಬಾಖ್,
೧೪ ಮಾರ್ಚ್ ೧೯೪೩

ಪ್ರೀತಿಯ ತಂಗಿ ಓಟಿಲಿಯಾ,

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಜೈಲಿನಿಂದ ಬಂದು ಎರಡು ವಾರವಾದರೂ ಒಂದು ಸಾಲು ಬರೆಯಲಿಲ್ಲ, ಬೈಯಬೇಡ. ಪೆನ್ನು ಹಿಡಿದಾಗಲೆಲ್ಲ ಯಾವುದಾದರೂ ಕೆಲಸದ ನೆಪ ಸಿಗುತ್ತಿತ್ತು. ಇದನ್ನು ಅಂಚೆಗೆ ಹಾಕುತ್ತಿಲ್ಲ, ಹಾಲಿನ ಗಾಡಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ನಿನ್ನ ಮಕ್ಕಳಿಗೆ ಬೆಣ್ಣೆ ಕಳಿಸಲು ಹೋಗಿ ಅಣ್ಣ ಸಿಕ್ಕಿಬಿದ್ದ ಎಂದು ಅಳುತ್ತಿದ್ದೀಯಂತೆ. ಅಳಬೇಡ ಮಾರಾಯ್ತಿ. ನನ್ನ ಹಸು, ನನ್ನ ಹಾಲು. ಯುದ್ಧಕಾಲ, ಹಾಲೆಲ್ಲ ಡೇರಿಗೇ ಬರಬೇಕೆಂದು ಸರ್ಕಾರದವರು ನಮ್ಮ ಬೆಣ್ಣೆ ಕಡೆಯುವ ಪೀಪಾಯಿಗೆ ಮೊಹರು ಒತ್ತಿ ಹೋದರೆ ಬಾಯಿಗೂ ಮೊಹರು ಬೀಳುತ್ತದೆಯೇ? ಕಿತ್ತೆ, ಕಡೆದೆ, ಮೂರು ತಿಂಗಳು ಜೈಲಿನ ಎಲೆಕೋಸಿನ ನೀರು ಕುಡಿದೆ. ಪೊಲೀಸರು ನೆಟ್ಟಗೆ ಹುಲ್ಲಟ್ಟ ಹತ್ತಿ ಬಚ್ಚಿಟ್ಟಿದ್ದ ಪೀಪಾಯಿ ಇಳಿಸಿದ್ದರು. ಯಾರೋ ಹೇಳಿಕೊಟ್ಟಿದ್ದಾರೆ ಎಂದು ಆಗಲೇ ಗೊತ್ತಾಯಿತು. ಪಕ್ಕದ ಮನೆಯ ಎಂಗೆಲ್‌ಬರ್ಟನೇ ಇರಬೇಕೆಂದು ಅಲ್ಲಿ ಕೂತು ದಿನವೂ ಅವನಿಗೆ ಶಾಪ ಹಾಕಿದೆ.

ಬಿಟ್ಟು ಕಳಿಸಿದ ದಿನ ಸೇಬಿನ ತೋಟದ ಹಿಂದಿನಿಂದ ಮನೆಗೆ ಬಂದೆ. ನೋಡುತ್ತೇನೆ, ಜೇನುಪೆಟ್ಟಿಗೆಗಳಿಗೆಲ್ಲ ಕಪ್ಪು ಪಟ್ಟಿ ಕಟ್ಟಿದೆ. ಮನೆಯಲ್ಲಿ ಸಾವಾಗಿದೆ! ಮಗ ಅಲ್ಬಾನ್ ಹೋದನೇ ಎಂದು ಅಂಗಳಕ್ಕೆ ಓಡಿದೆ. ಅಷ್ಟರಲ್ಲಿ ಅಲ್ಬಾನನೇ ಹಾಲಿನ ಬಕೆಟ್ ಹಿಡಿದು ಕೊಟ್ಟಿಗೆಯಿಂದ ಹೊರಗೆ ಬಂದ.

"ಯಾರೋ ಸತ್ತಿದ್ದು?" ಎಂದೆ.

ಅವನು ಬಕೆಟ್ ಕೆಳಗಿಡಲೂ ಇಲ್ಲ. "ನೀನೇ, ಅಪ್ಪಾ."

"ಏನಂದೆ?"

"ಜೈಲಿಗೆ ಹೋದವ್ರ ಕೈಲಿ ಜಮೀನು ಇರಬಾರ್ದಂತೆ. ಪಕ್ಷದ ರೈತ ಮುಖಂಡರು ಬಂದು ಎಲ್ಲಾ ನನ್ನ ಹೆಸರಿಗೆ ಮಾಡಿಸಿದ್ರು. ಯಜಮಾನ ಬದಲಾದ ಮೇಲೆ ದನಕ್ಕೆ, ಜೇನಿಗೆ ಹೇಳ್ಲೇಬೇಕಲ್ಲ?"

"ಜೈಲಿಗೆ ಹೋಗಿದ್ದಾನೆ ಅನ್ನೋಕೆ ನಿನಗೇನೋ ಬಂದಿತ್ತು ರೋಗ?"

"ಹಂಗೆ ಹೇಳೋ ಪದ್ಧತಿ ಎಲ್ಲಪ್ಪಾ ಇದೆ?"

ಅದೂ ನಿಜವೇ. ಅಪ್ಪ ತೀರಿಕೊಂಡ ಬೆಳಿಗ್ಗೆ ನಾನು ಮನೆಯ ಬೀಗದಕೈಯಿಂದ ಪೆಟ್ಟಿಗೆಗಳನ್ನು ತಟ್ಟಿ "ಯಜಮಾನ ಹೋದ, ಇನ್ನು ಯಜಮಾನ ನಾನು, ಬಿಟ್ಟು ಹೋಗಬೇಡಿ" ಎನ್ನುವಾಗ ನೀನು ನನ್ನ ಕೋಟು ಹಿಡಿದುಕೊಂಡು ಅಳುತ್ತಿದ್ದೆ. ನಮ್ಮ ಮನೆಯಲ್ಲಿ ಯಜಮಾನಿಕೆ ಕೈ ಬದಲಾದದ್ದೆಲ್ಲ ಸಾವಿನಿಂದಲೇ. ಬೇರೆ ಮಾತು ನಮಗೆ ಬರುವುದೂ ಇಲ್ಲ.

ಒಳಗೆ ಹೋದರೆ ಮೇಜಿನ ತುದಿಗೆ, ಶಿಲುಬೆಯ ಕೆಳಗಿನ ನನ್ನ ಯಜಮಾನನ ಜಾಗದಲ್ಲಿ, ಅಲ್ಬಾನನ ತಟ್ಟೆ. "ಸತ್ತೋನು ಎಲ್ಲಿ ಕೂರ್ಬೇಕಮ್ಮಾ?" ಎಂದು ನಿನ್ನ ಅತ್ತಿಗೆ ವಾಲ್ಬುರ್ಗಾಳನ್ನು ಕೇಳಿದೆ. ಅವಳು ಕಣ್ಣು ಒರೆಸಿಕೊಂಡು, "ಎಲ್ಲಾದ್ರೂ ಕೂತ್ಕೊಳ್ರೀ, ಕಡುಬು ಆರಿಹೋಗತ್ತೆ" ಎಂದಳು. ಆಲೂಗಡ್ಡೆಯ ಕಡುಬು, ಅದೂ ನನಗೆಂದು ಎರಡು ಹೆಚ್ಚಿಗೆ. ಕಿಟಕಿಯ ಕಡೆಯ ಬೆಂಚಿನಲ್ಲಿ, ಮೊದಲು ಆಳು ಕೂರುತ್ತಿದ್ದಲ್ಲಿ, ಕೂತು ತಿಂದೆ.

ಎರಡು ದಿನ ಮಗನ ಜೊತೆ ಮಾತು ಬಿಟ್ಟೆ. ಆಮೇಲೆ ಯೋಚಿಸಿದೆ. ಅವನಿಗೆ ಹತ್ತೊಂಬತ್ತಾಯಿತು. ಕಳೆದ ಶರತ್ಕಾಲದಲ್ಲೇ ಸೈನ್ಯದಿಂದ ಕರೆ ಬರುವುದಿತ್ತು. ಈಗ ಜಮೀನು ನಡೆಸುವವನು ಅವನೊಬ್ಬನೇ ಎಂದು ಬಿಟ್ಟಿದ್ದಾರೆ. ಎಂಗೆಲ್‌ಬರ್ಟನ ಇಬ್ಬರು ಗಂಡುಮಕ್ಕಳೂ ರಷ್ಯಾದಲ್ಲಿದ್ದಾರೆ, ದೊಡ್ಡವನ ಸುದ್ದಿಯೇ ಇಲ್ಲ. ನನ್ನ ಮಗ ಕೊಟ್ಟಿಗೆಯಲ್ಲಿ ಸಿಳ್ಳೆ ಹಾಕುವುದು ಕೇಳಿಸುತ್ತದೆ. ಯಜಮಾನಿಕೆ ಹಾಳಾಗಿ ಹೋಗಲಿ ಎಂದುಕೊಂಡು ಮೂರನೇ ದಿನ ಅವನ ಜೊತೆ ಗೊಬ್ಬರ ಹೊರಲು ಹೋದೆ.

ಹೊಲ ಇನ್ನೂ ಹಸಿ. ಓಟ್ಸ್ ಬಿತ್ತನೆ ತಡವಾಗುತ್ತದೆ. ಬಾಂಬಿನ ಸೈರನ್ ಕೂಗಿದ ರಾತ್ರಿ ಮಕ್ಕಳನ್ನು ನೆಲಮಾಳಿಗೆಯಲ್ಲಿ ಬೆಚ್ಚಗೆ ಮಲಗಿಸು. ಆ ದೇವಮಾತೆ ನಿಮ್ಮ ಮನೆಯ ಮೇಲೊಂದು ಕಣ್ಣಿಟ್ಟಿರಲಿ.

ನಿನ್ನ ಅಣ್ಣ,
ಕಿಲಿಯಾನ್

ತಾ.ಕ.: ಮುಗಿಸಿದ್ದೆ, ಆದರೆ ಇದನ್ನು ಬರೆಯದೆ ಇರಲಾರೆ. ನಿನ್ನೆ ಆ ಪಟ್ಟಿಗಳನ್ನು ಬಿಚ್ಚಲು ಹೋದೆ. ಕೈಗೆ ತೆಗೆದುಕೊಂಡಾಗ ಬಟ್ಟೆಯ ಗುರುತು ಹತ್ತಿತು, ವಾಲ್ಬುರ್ಗಾಳ ಮದುವೆಯ ಕಪ್ಪು ಲಂಗ. ಅದನ್ನು ಕತ್ತರಿಸಿ ಅಂಚು ಹೊಲಿಯುತ್ತಿದ್ದಾಗ ನಾನು ಎದುರಿಗೇ ಇದ್ದೆ. ಪೊಲೀಸರು ಬರುವುದಕ್ಕೆ ಮುಂಚಿನ ಭಾನುವಾರ ಅದು. "ಏನೇ ಅದು?" ಎಂದಿದ್ದೆ. "ಹಳೇ ಬಟ್ಟೆ, ಏನಕ್ಕಾದ್ರೂ ಬರತ್ತೆ" ಎಂದಳು. ಬೆಳಕು ಸಾಲದೆಂದು ನಾನೇ ಅವಳ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು ಹಾಕಿದ್ದೆ.

ಪಟ್ಟಿ ಹಿಡಿದುಕೊಂಡು ಹೋಗಿ ಕೇಳಿದೆ. ಅವಳು ಮುಚ್ಚಿಡಲಿಲ್ಲ. "ಹೌದು, ಮುಖಂಡರ ಮನೆಗೆ ಹೋಗಿ ಬೆಣ್ಣೆ ವಿಷ್ಯ ನಾನೇ ಹೇಳ್ದೆ. ಹುಡುಗನ್ನ ಉಳಿಸ್ಕೊಳ್ಳೋಕೆ ಬೇರೆ ದಾರಿ ಕಾಣ್ಲಿಲ್ಲ" ಎಂದಳು.

ನನಗೂ ಕಾಣುತ್ತಿರಲಿಲ್ಲ. ನನ್ನನ್ನು ಒಂದು ಮಾತು ಕೇಳಿದ್ದರೆ ಆ ಪೀಪಾಯಿಯನ್ನು ನಾನೇ ಹೆಗಲ ಮೇಲೆ ಹೊತ್ತು ಠಾಣೆಗೆ ಹೋಗುತ್ತಿದ್ದೆ. ಅವನು ನನಗೂ ಮಗನೇ ಅಲ್ಲವೇನೇ?