ಸವತಿಗೆ ಪುಲ್ಲಿಂಗ ಯಾವುದು?

ಸಾಲ್ಫರ್ಡ್,
ಶನಿವಾರ, ೮ ನವೆಂಬರ್ ೨೦೨೫

ಪ್ರೀತಿಯ ಅಪೂರ್ವಾ,

ಹೇಗಿದ್ದೀ? ತೈಪೇಯಲ್ಲಿ ಮಳೆ ಹಿಡಿದುಕೊಂಡಿದೆ, ಕೆಮ್ಮು ನಿಂತಿಲ್ಲ ಎಂದಿದ್ದೆ. ಮೆಣಸು, ಜೀರಿಗೆ ಕುದಿಸಿ ಕುಡಿ. ಚೀನೀ ಪಂಡಿತರು ತಲೆ ಬಿಸಿ ಮಾಡುತ್ತಾರೆಯೇ ಹೊರತು ಗಂಟಲು ಬಿಸಿ ಮಾಡುವುದಿಲ್ಲ. ಇಲ್ಲಿ ಅಪ್ಪ ಮಗಳು ನಾವಿಬ್ಬರೂ ಕ್ಷೇಮ. ತನ್ವಿಗೆ ಮುಂದಿನ ಹಲ್ಲು ಬಿದ್ದಿದೆ. ನಕ್ಕರೆ ನಿಮ್ಮಪ್ಪನ ಹಾಗೆಯೇ ಕಾಣುತ್ತಾಳೆ. ಮೀಡಿಯಾಸಿಟಿಯ ಟಿವಿ ಕಚೇರಿಯಲ್ಲಿ ನನ್ನ ರೋಟಾ ಬದಲಾಗಿ ಈಗ ಬೆಳಗಿನ ಸುದ್ದಿಗೆ ಸಬ್‌ಟೈಟಲ್ ಹಾಕುವ ಪಾಳಿ. ಮಂತ್ರಿಗಳು ತೊದಲಿದ್ದನ್ನೆಲ್ಲ ಶುದ್ಧ ವಾಕ್ಯ ಮಾಡಿ ಪರದೆಗೆ ಹಚ್ಚುತ್ತೇನೆ. ಮೊನ್ನೆ ಧಾರವಾಡದಿಂದ ಅವ್ವ ಫೋನ್ ಮಾಡಿ, “ಅಪೂರ್ವಾ ಅಲ್ಲಿ ಏನು ಓದಾಕತ್ಯಾಳ?” ಎಂದಳು. “ತಾವೋ” ಎಂದೆ. “ಹಡೆದ ತಾಯಿಗೆ ತಾವು-ಗೀವು ಅಂತೀಯೇನಲೇ? ನಾ ಎಲ್ಲಿ ಓದ್ಲಿ, ಕಣ್ಣಿಗೆ ಪೊರಿ ಬಂದಾವು” ಎಂದು ರೇಗಿದಳು. ಅದು ಚೀನಾದ ಹಳೆಯ ತತ್ತ್ವ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವಳ ಧಾರಾವಾಹಿ ಶುರುವಾಯಿತು.

ಇನ್ನು ನನ್ನ ಹೊಟ್ಟೆಯ ಸಮಾಚಾರ. ಉರಿ. ಜಿಪಿ ಡಾಕ್ಟರು ಬರೆದುಕೊಟ್ಟ ಮಾತ್ರೆಗೆ ಬಗ್ಗುವ ಉರಿಯಲ್ಲ. ಹೆಂಗಸಿಗೆ ಬಂದರೆ ಸವತಿ ಮತ್ಸರ ಎನ್ನುತ್ತಾರೆ, ಗಂಡಸಿಗೆ ಬಂದರೆ? ನಿಘಂಟು ತಡಕಾಡಿದೆ, ಸವತಿಗೆ ಪುಲ್ಲಿಂಗವೇ ಸಿಗಲಿಲ್ಲ. ‘ಸವತ’ ಎಂದು ನಾನೇ ಟಂಕಿಸಿಕೊಂಡಿದ್ದೇನೆ. ನನ್ನ ಸವತ ತೀರಿಕೊಂಡು ಸಾವಿರದ ಏಳುನೂರು ವರ್ಷ ದಾಟಿದೆ. ಸಾಯುವಾಗ ಇಪ್ಪತ್ತೈದೂ ತುಂಬಿರಲಿಲ್ಲ, ಪಾಪ. ತಾವೋ ಮುನಿಗಳು ಎರಡು ಸಾಲು ಹೇಳಿ ಎದ್ದುಹೋದ ಮಾತಿಗೆ, ಐದಾರು ನೂರು ವರ್ಷ ಬಿಟ್ಟು ಬಂದು ಹೊಸ ಅರ್ಥ ಕಟ್ಟಿದ ವ್ಯಾಖ್ಯಾನಕಾರ, ನೀನು ಅಲ್ಲಿ ಕುಳಿತು ಓದುತ್ತಿರುವ ಆ ನಿನ್ನ ಹುಡುಗ. ಇರುವುದೆಲ್ಲಕ್ಕೂ ‘ಇಲ್ಲ’ ಎಂಬುದೇ ಬೇರು ಎಂದನಂತೆ. ಇರಬಹುದು. ಫ್ರಿಜ್ಜಿನಲ್ಲಿ ಹೆಪ್ಪಿಗೆ ಮೊಸರಿಲ್ಲ, ತನ್ವಿಯ ಜಡೆ ಹಾಕಲು ಬರುವವರಿಲ್ಲ, ಮನೆಯಲ್ಲಿ ಹೆಂಡತಿ ಇಲ್ಲ; ಇಷ್ಟೊಂದು ಬೇರಿದ್ದೂ ಒಂದು ಎಲೆ ಚಿಗುರಿಲ್ಲ. ಅವನದೊಂದು ಚಿತ್ರವಾದರೂ ಇದ್ದಿದ್ದರೆ ಮೂಗು ಸೊಟ್ಟ ಎಂದು ಸಮಾಧಾನಪಡುತ್ತಿದ್ದೆ. ನೀನು ಅವನ ಮಾತು ಹೇಳುವಾಗ ನಿನ್ನ ದನಿ ಏರುವುದನ್ನು ನಾನು ಕೇಳಿದ್ದೇನೆ. ಕೌನ್ಸಿಲ್ ಟ್ಯಾಕ್ಸ್ ಬಗ್ಗೆ ನಾನು ಮಾತಾಡುವಾಗ ಆ ದನಿ ಎಂದೂ ಬಂದದ್ದಿಲ್ಲ.

ಅವನದೊಂದು ಮಾತಿಗೆ ಮಾತ್ರ ಅರ್ಧ ಕ್ಷಮಿಸಿದ್ದೇನೆ. ಜ್ಞಾನಿಗೆ ಸುಖದುಃಖಗಳೇ ಇಲ್ಲವೆಂದು ದೊಡ್ಡವರು ವಾದಿಸುತ್ತಿದ್ದಾಗ, ನಮಗಿರುವಷ್ಟೇ ಅವನಿಗೂ ಇವೆ, ಆದರೆ ಅವುಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲ ಎಂದನಂತಲ್ಲ. ನಾನು ಸಿಕ್ಕಿಕೊಂಡಿದ್ದೇನೆ. ನೀನು ಇನ್ನೊಂದು ವರ್ಷ ಅವನ ಜೊತೆ ಉಳಿಯುತ್ತೀ, ತಿಂಗಳ ಕೊನೆಗೆ ಆ ವಿಶ್ವವಿದ್ಯಾಲಯಕ್ಕೆ ಒಪ್ಪಿಗೆ ಕೊಡುತ್ತೀ ಎಂಬ ಸುದ್ದಿ ನನಗಿಂತ ವೇಗವಾಗಿ ಲೀಡ್ಸ್ ಮುಟ್ಟಿತ್ತು. ಹೋದ ಶನಿವಾರ ಅಲ್ಲಿ ರಾಜ್ಯೋತ್ಸವ. ನಿನ್ನ ಗೆಳತಿ ನೇತ್ರಾ ಬಿಸಿಬೇಳೆಬಾತಿನ ಸಾಲಿನಲ್ಲೇ ಹಿಡಿದು, “ಒಂದೇ ಮಾತಿಗೆ ಒಪ್ಕೊಂಡ್ರಂತೆ! ನಿಮ್ಮಂಥ ಗಂಡ ಎಲ್ಲಿ ಸಿಗ್ತಾರೆ ಹೇಳಿ” ಎಂದಳು. ಪಕ್ಕದಲ್ಲಿದ್ದ ಅವಳ ಗಂಡ ನನ್ನನ್ನು ನೋಡಿದ ನೋಟಕ್ಕೆ ತಟ್ಟೆಯ ಬೂಂದಿ ಕರಗಬೇಕಿತ್ತು. ನಾನು ಬಸವಣ್ಣನಷ್ಟು ಉದಾರವಾಗಿ ನಕ್ಕೆ. ತನ್ವಿ ಮಾತ್ರ ಕೋಟಿನ ತೋಳು ಜಗ್ಗಿ, “ಅಪ್ಪಾ, ದಟ್ಸ್ ನಾಟ್ ಯುವರ್ ರಿಯಲ್ ಸ್ಮೈಲ್” ಎಂದಳು.

ಆದ್ದರಿಂದ ನಿನ್ನ ಇನ್ನೊಬ್ಬ ವ್ಯಾಖ್ಯಾನಕಾರನ ಮೊರೆಹೋಗಿದ್ದೇನೆ, ಅರವತ್ತು ವರ್ಷ ತರುವಾಯ ಬಂದವನು. ನೀನು ಅವನನ್ನು ಅಷ್ಟಾಗಿ ಹೊಗಳುವುದಿಲ್ಲ, ಹಾಗಾಗಿ ನನಗವನು ಆಪ್ತ. ‘ಇಲ್ಲ’ದಿಂದ ಏನೂ ಹುಟ್ಟುವುದಿಲ್ಲ, ಪ್ರತಿಯೊಂದೂ ತನ್ನಷ್ಟಕ್ಕೆ ತಾನೇ ಆಗುತ್ತದೆ ಎಂದು ಹುಡುಗನ ಬೇರನ್ನೇ ಕಿತ್ತನಲ್ಲ, ನಾನು ಸೀಟಿ ಹೊಡೆದೆ. ತಾವೋ ಮುನಿಗಳು ಹೊಗಳುವ ‘ಮಾಡದಿರುವುದು’ ಎಂದರೆ ಕೈಕಟ್ಟಿ ಕೂರುವುದಲ್ಲ, ತನ್ನ ಸ್ವಭಾವದ ಕೆಲಸವನ್ನು ಸರಾಗವಾಗಿ ಮಾಡುವುದು ಎಂದಾಗ ಮಾತ್ರ ಬೇಜಾರಾಯಿತು. ಪಾತ್ರೆ ತೊಳೆಯದಿರಲು ನಾನು ಅದನ್ನೇ ನೆಚ್ಚಿಕೊಂಡಿದ್ದೆ. ಆದರೆ ಅರಮನೆಯ ಓಲಗದಲ್ಲಿ ಕುಳಿತವನ ಮನಸ್ಸು ಬೆಟ್ಟದ ಕಾಡಿನಲ್ಲಿ ಇರಬಲ್ಲದು ಎಂದೂ ಅವನೇ ಹೇಳಿದ್ದಾನೆ. ಅಂದಮೇಲೆ ಸಾಲ್ಫರ್ಡಿನ ನಮ್ಮ ಸೋಫಾದಲ್ಲಿ ಕುಳಿತವಳ ಮನಸ್ಸು ತೈಪೇಯ ಗ್ರಂಥಾಲಯದಲ್ಲಿ ಇರಲಾರದೇ? ಶಾಸ್ತ್ರಾಧಾರವಿದೆ, ವಿಚಾರಮಾಡು.

ನಿನ್ನ ಗುರುಗಳಿಗೆ ನನ್ನ ಶರಣು ತಿಳಿಸು. ಸವತನಿಗೆ ಬೇಡ. ತನ್ವಿ ತನ್ನ ಮುತ್ತುಗಳನ್ನು ಇಲ್ಲಿ ಲಿಪ್‌ಸ್ಟಿಕ್ಕಿನಲ್ಲಿ ಒತ್ತಿದ್ದಾಳೆ. ಲಿಪ್‌ಸ್ಟಿಕ್ ನಿನ್ನದೇ, ಬೈಯಬೇಡ.

ನಿನ್ನ, ಇನ್ನೂ ಬದುಕಿರುವ,
ಚಿದಾನಂದ

ತಾ.ಕ.: ಅಂಚೆಪೆಟ್ಟಿಗೆ ತೆಗೆಯುವವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. “ರೀ, ಇನ್ನೊಂದ್ ವರ್ಷ ಇರ್ಲೇನು?” ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಟ್ರಾಮಿನಲ್ಲಿ ನೇತಾಡುತ್ತಿದ್ದೆ. ನೀನು ಕೇಳಿಸಿಕೊಂಡದ್ದು ‘ಹೂಂ’. ನಾನು ಅಂದದ್ದು ‘ಉಹೂಂ’. ನೀನು ಸಂತೋಷದಿಂದ ಅತ್ತುಬಿಟ್ಟೆ, ತಿದ್ದಲು ಬಾಯಿ ಬರಲಿಲ್ಲ. ಉಳಿಯುವುದಾದರೆ ಉಳಿ, ಅಪೂರ್ವಾ. ನಾನು ಒಪ್ಪಿದ್ದೇನೆಂದು ತಿಳಿದು ಉಳಿಯಬೇಡ.