ನನ್ನ ಅಮ್ಮನ ಬೋಣಿಯನ್ನು ಅಳಿಸಿದವರಿಗೆ

ಮಾನ್ಯ ಜಾಲತಾಣ ಶಿಸ್ತುಪಾಲನಾ ವಿಭಾಗದ ಮುಖ್ಯಸ್ಥರೇ,

ನನ್ನ ಅಮ್ಮ ಐವತ್ತು ಪೇಸೊ ನೋಟಿನಿಂದ ನಿಮ್ಮ ಕಂಪನಿಯ ಪ್ಲಾಸ್ಟಿಕ್ ಡಬ್ಬಿಗಳನ್ನು ತಟ್ಟಿದಳು ಎಂಬ ಕಾರಣಕ್ಕೆ ನೀವು ಅವಳ ಮುಖವನ್ನೂ ದನಿಯನ್ನೂ ಅಳಿಸಿ ಹಾಕಿಸಿದ್ದೀರಿ. ಇದನ್ನು ಸುತ್ತಿ ಬಳಸಿ ಹೇಳುವ ತಾಳ್ಮೆ ನನಗೆ ಉಳಿದಿಲ್ಲ. ನಿಮಗೆ ಖಾಸಗಿಯಾಗಿ ಬರೆದದ್ದಕ್ಕೆಲ್ಲ ಯಂತ್ರವೊಂದು ಉತ್ತರ ಕೊಟ್ಟಿದೆ. ಆದ್ದರಿಂದ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಇಲೊಯ್ಲೊ ಪಕ್ಕದ ಓತೊನ್ ಪಟ್ಟಣದ ನೊವೆಲಿನ್. ನಿಮ್ಮ ಡಬ್ಬಿ, ಲಿಪ್‌ಸ್ಟಿಕ್, ಮುಲಾಮುಗಳನ್ನು ಮನೆಮನೆಗೆ ಹೊತ್ತು ಮಾರಿದವಳು. ನಿಮ್ಮ ಭಾಷೆಯಲ್ಲಿ ನಾನು 'ಸ್ವತಂತ್ರ ಮಾರಾಟ ಸಲಹೆಗಾರ್ತಿ'. ಈ ಸ್ವಾತಂತ್ರ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು. ಜ್ವರ ಬಂದು ಮಲಗಿದರೆ ನಾನು ಸ್ವತಂತ್ರಳು, ಏಕೆಂದರೆ ಸ್ವತಂತ್ರರಿಗೆ ರಜೆಯ ಸಂಬಳ ಎಲ್ಲಿಯದು? ಚಂಡಮಾರುತ ಬಂದು ಸರಕು ನೆನೆದರೆ ಆಗಲೂ ಸ್ವತಂತ್ರಳೇ. ಆದರೆ ನನ್ನದೇ ಅಡುಗೆಮನೆಯಲ್ಲಿ, ನನ್ನದೇ ಫೋನಿನ ಮುಂದೆ, ನನ್ನದೇ ಅಮ್ಮ ಬಾಯಿ ತೆರೆದರೆ ಮಾತ್ರ ನಾನು ತಟ್ಟನೆ ನಿಮ್ಮವಳಾಗಿಬಿಡುತ್ತೇನೆ. ಇಂಥ ಸ್ವಾತಂತ್ರ್ಯವನ್ನು ಯಾವ ಅಂಗಡಿಯಲ್ಲಿ ಅಳೆದು ತಂದಿರಿ?

ಫೋನಿನ ಮುಂದೆ ಕೂರಬೇಕೆಂಬ ಆಸೆ ನನ್ನದಾಗಿರಲಿಲ್ಲ ಎಂಬುದನ್ನು ನೆನಪಿಸುತ್ತೇನೆ. ಕೊರೊನಾ ಕಾಲದಲ್ಲಿ ಬೀದಿಗೆಲ್ಲ ಬೀಗ ಬಿದ್ದು, ಜೀಪ್ನಿ ಬಸ್ಸುಗಳು ನಿಂತು, ನಿಮ್ಮ ಗೋದಾಮಿನಲ್ಲಿ ಸರಕು ಧೂಳು ಹಿಡಿಯುತ್ತಿದ್ದಾಗ ನಮ್ಮನ್ನು ಗೋಗರೆದವರು ನೀವು. ಮನಿಲಾದ ನಿಮ್ಮ ತರಬೇತುದಾರ ಪರದೆಯ ಮೇಲೆ ಬಂದು ಕಣ್ಣಲ್ಲಿ ನೀರು ತುಂಬಿಕೊಂಡು, "ಅಕ್ಕಂದಿರಾ, ನಿಮ್ಮ ಮನೇನೇ ಅಂಗಡಿ. ನಾಚ್ಕೋಬೇಡಿ. ಅಮ್ಮನ್ನ, ಅಜ್ಜೀನ ಎಲ್ರನ್ನೂ ಕರ್ಕೊಂಡು ಲೈವ್ ಬನ್ನಿ. ನೀವು ನೀವಾಗೇ ಇರಿ!" ಎಂದ. ನಮ್ಮ ಶಾಖೆಯ ಮೇಲ್ವಿಚಾರಕಿ ಮಾಮ್ ಚಾರಿ, ಮುಖಕ್ಕೆ ಬೆಳಕು ಬೀಳುವ ಆ ದುಂಡನೆಯ ದೀಪವನ್ನು ಗೇಟಿನ ಮೇಲಿಂದ ನನ್ನ ಕೈಗೆ ಕೊಟ್ಟು ಹೋದರು. ನಾವು ನಂಬಿದೆವು. ನಂಬಿದ್ದು ನಿಮ್ಮ ಕಣ್ಣೀರನ್ನು.

ನಮ್ಮ ಲೈವ್ ಮಾರಾಟ ಹೇಗೆಂದು ನಿಮಗೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೂ ಅದಕ್ಕೆ ನಿಯಮ ಬರೆದಿದ್ದೀರಲ್ಲ. ನಾನು ವಸ್ತು ಎತ್ತಿ ತೋರಿಸುತ್ತೇನೆ, ನೋಡುವವರಲ್ಲಿ ಯಾರು ಮೊದಲು 'ಮೈನ್', ಅಂದರೆ 'ನನ್ನದು', ಎಂದು ಬರೆಯುತ್ತಾರೋ ಅದು ಅವರದು. ಮೊದಮೊದಲು ನನ್ನ ನಾಲಿಗೆ ಒಣಗುತ್ತಿತ್ತು. ಅಮ್ಮ ಹಿಂದೆ ಕೂತು ಡಬ್ಬಿ ಒರೆಸಿ ಕೊಡುತ್ತಿದ್ದಳು. ಒಂದು ದಿನ ತಡೆಯಲಾರದೆ, "ಏ, ಇವಳು ಹೀಗೆ ಗೊಣಗಿದ್ರೆ ಯಾರ್ ತಗೋತಾರೆ? ಸರಿ ಆ ಕಡೆ," ಎಂದು ನನ್ನನ್ನು ತಳ್ಳಿ ಮುಂದೆ ಬಂದಳು. ಆಮೇಲೆ ಅವಳು ಹಿಂದೆ ಸರಿದದ್ದೇ ಇಲ್ಲ. ಊರೂರ ಹೆಂಗಸರಿಗೆ ಅವಳು ನಾನಯ್ ಇಸ್ಯಾಂಗ್, ಅಂದರೆ ಇಸ್ಯಾಂಗಮ್ಮ, ಆಗಿಬಿಟ್ಟಳು. ಓತೊನ್ ಸಂತೆಯಲ್ಲಿ ಒಣಮೀನು ಮಾರಿ ಬೆಳೆದ ಗಂಟಲು ಅದು.

"ಹಸಿರು ಮುಚ್ಚಳದವಳೇ, ಹೋದ್ವಾರ ಒಯ್ದ ಡಬ್ಬಿ ಏನ್ ಮಾಡಿದ್ಯೇ? ಗಂಡ ಕೋಳಿ ಅಂಕಕ್ಕೆ ಎತ್ತಿಟ್ಟಿದ್ ದುಡ್ಡು ಅದ್ರಲ್ಲಿ ಬಚ್ಚಿಟ್ಟಿದ್ದೀಯ ತಾನೆ? ಗಟ್ಟಿ ಮುಚ್ಚು, ಕೋಳಿ ಕೂಗ್ದಾಗ ತೆಕ್ಕೊಂಡಾನು!" ಎನ್ನುತ್ತಿದ್ದಳು. ಮುಲಾಮು ಹಿಡಿದು, "ಇದು ಹಚ್ಚಿದ್ರೆ ಮಂಡಿನೋವು ಹೋಗುತ್ತೆ ಅಂತ ನಾನ್ ಹೇಳಲ್ಲಪ್ಪ. ನಂದೇ ಹೋಗಿಲ್ಲ. ಆದ್ರೆ ವಾಸನೆ ಚೆನ್ನಾಗಿದೆ, ಮೊಮ್ಮಕ್ಕಳು ಮಗ್ಗುಲಲ್ಲಿ ಮಲಗ್ತವೆ," ಎಂದಾಗ ಅಂದಿನ ಮುಲಾಮೆಲ್ಲ ಖಾಲಿಯಾಯಿತು. ಆ ಮಾತಿಗೂ ನಿಮ್ಮ ಆಕ್ಷೇಪಣೆ ಬಂದಿದೆ: 'ಉತ್ಪನ್ನದ ಬಗ್ಗೆ ನಕಾರಾತ್ಮಕ ಹೇಳಿಕೆ'. ವಾಸಿಯಾಗುತ್ತದೆ ಎಂದರೆ ಸುಳ್ಳು ಭರವಸೆ, ಆಗಿಲ್ಲ ಎಂದರೆ ನಕಾರಾತ್ಮಕ. ಹಾಗಾದರೆ ಮಂಡಿನೋವಿರುವ ಮುದುಕಿ ನಿಮ್ಮ ಮುಲಾಮು ಹಿಡಿದು ಏನು ಹೇಳಬೇಕಿತ್ತು, ಹವಾಮಾನ ವರದಿಯೆ?

ಈಗ ಆ ನೋಟಿನ ವಿಷಯಕ್ಕೆ ಬರುತ್ತೇನೆ. ಬುಯೆನಾ ಮಾನೊ ಎಂದರೆ ಏನೆಂದು ಮನಿಲಾದ ಹದಿನಾರನೆಯ ಮಹಡಿಯಲ್ಲಿ ಮರೆತಿರಬಹುದು. ಅದು ಬೋಣಿ. ದಿನದ ಮೊದಲ ಗಿರಾಕಿ ಕೊಟ್ಟ ನೋಟನ್ನು ಹಿಡಿದು ಉಳಿದ ಸರಕಿನ ಮೇಲೆಲ್ಲ ತಟ್ಟುವುದು, ಆ ಕೈಗುಣ ಎಲ್ಲಕ್ಕೂ ಹತ್ತಲಿ ಎಂದು. ಮೀನಿನ ಬುಟ್ಟಿಯ ಮೇಲೆ ಹಾಗೆ ತಟ್ಟಿ ಬದುಕಿದವಳು ಡಬ್ಬಿಗಳ ಮೇಲೆ ತಟ್ಟದೆ ಇರುತ್ತಾಳೆಯೆ?

ನಮ್ಮ ಲೈವ್‌ನ ಬೋಣಿ ಯಾವಾಗಲೂ ನನ್ನ ತಂಗಿ ಜೋಸಿಬೆಲ್‌ಳದು. ಅವಳು ರಿಯಾದಿನ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಳೆ. ನಾವು ಇಲ್ಲಿ ಸಂಜೆಯ ಅನ್ನಕ್ಕಿಡುವ ಮೊದಲು ಲೈವ್ ಶುರು ಮಾಡಿದರೆ ಅಲ್ಲಿ ಅವಳು ತರಕಾರಿ ಹೆಚ್ಚುತ್ತ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕಾಯುತ್ತಿದ್ದಳು. ಏನು ತೋರಿಸಿದರೂ ಮೊದಲ 'ಮೈನ್' ಅವಳದೇ. ಅವಳು ಹಾಗೆ ಕೊಂಡ ಡಬ್ಬಿಗಳು ನಮ್ಮ ಮಂಚದ ಕೆಳಗೆ ಇವತ್ತಿಗೂ ಅವಳ ದಾರಿ ಕಾಯುತ್ತಿವೆ. ಅಮ್ಮ ಅವಳು ಕಳಿಸಿದ ಹಣದಿಂದ ಒಂದು ನೋಟು ತೆಗೆದು ಹಿಡಿದು, "ಬೋಣಿ, ಬೋಣಿ, ನನ್ ಮಗಳ ಬೋಣಿ!" ಎಂದು ಸಾಲಾಗಿ ತಟ್ಟಿ, ಆಮೇಲೆ ಫೋನಿಗೆ ಮುಖ ತಂದು ಕೇಳುತ್ತಿದ್ದಳು: "ಜೋಸಿಬೆಲ್, ಊಟ ಮಾಡಿದ್ಯೇನೇ?" ತಂಗಿ ಉತ್ತರ ಬರೆಯುವ ತನಕ ಮುಂದಿನ ವಸ್ತು ಎತ್ತುತ್ತಿರಲಿಲ್ಲ. ಗಿರಾಕಿಗಳೂ ಕಾಯುತ್ತಿದ್ದರು.

ಇದೇ ಅಮ್ಮನನ್ನು ನೀವು 'ಲೈವ್ ರಾಣಿ' ಎಂದು ಕರೆದಿರಿ. ಆ ಹೆಸರಿನ ಸ್ಪರ್ಧೆಗೆಂದು ನಮ್ಮಿಂದ ಒಂದು ಲೈವ್‌ನ ಪೂರ್ತಿ ದೃಶ್ಯವನ್ನು ಕೇಳಿ ತರಿಸಿಕೊಂಡಿರಿ. ಶಾಖೆಯ ಗೋಡೆಗೆ ಅವಳ ಚಿತ್ರದ ದೊಡ್ಡ ಬ್ಯಾನರ್ ಕಟ್ಟಿದಿರಿ, ಹೆಗಲಿಗೆ ಮಿರುಗುವ ಪಟ್ಟಿ ಹಾಕಿ, ಒಂದು ಮೂಟೆ ಅಕ್ಕಿ ಕೊಟ್ಟು ಕಳಿಸಿದಿರಿ. ಅಮ್ಮ ಆ ಪಟ್ಟಿ ಹಾಕಿಕೊಂಡೇ ಜೀಪ್ನಿ ಹತ್ತಿ ಮನೆಗೆ ಬಂದಳು. ಅಂದು ನಿಮಗೆ ಆ ನೋಟು ಕಾಣಲಿಲ್ಲವೆ?

ಹೋದ ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಜೋಸಿಬೆಲ್‌ಗೆ ರಜೆ ಸಿಗಲಿಲ್ಲ. ಅಮ್ಮನನ್ನು ಮಣ್ಣು ಮಾಡಿದ್ದನ್ನು ಅವಳು ಫೋನಿನಲ್ಲೇ ನೋಡಿದಳು, ಅದೂ ಒಗೆಯುವ ಯಂತ್ರದ ಹಿಂದೆ ನಿಂತು. ಆಮೇಲೆ ದಿನವೂ ತರಕಾರಿ ಹೆಚ್ಚುವಾಗ ನನ್ನ ಪುಟಕ್ಕೆ ಹೋಗಿ ಹಳೆಯ ಲೈವ್‌ಗಳನ್ನು ಹಾಕಿಕೊಳ್ಳತೊಡಗಿದಳು. ಅಮ್ಮ ಕೇಳುತ್ತಾಳೆ, ಇವಳು ಅಲ್ಲಿಂದ "ಮಾಡಿದೆ ಅಮ್ಮಾ" ಅನ್ನುತ್ತಾಳೆ. ಹುಚ್ಚು ಎನ್ನಿ ಬೇಕಾದರೆ. ನನ್ನ ಫೋನು ಹಳತು, ಅದರಲ್ಲಿ ಜಾಗವಿಲ್ಲ, ಎಲ್ಲವೂ ಪುಟದಲ್ಲೇ ಭದ್ರವಾಗಿದೆ ಎಂದುಕೊಂಡಿದ್ದೆವು.

ಆಗ ನಿಮ್ಮ ಹೊಸ ನಿಯಮಾವಳಿ ಬಂತು: ಸಲಹೆಗಾರರು ಇನ್ನು ಲೈವ್ ಮಾಡಬಾರದು, ನಿಯಮ ಮೀರಿದ ಹಳೆಯ ಲೈವ್‌ಗಳನ್ನೂ ಅಳಿಸಬೇಕು. ನಿಯಮವೇ ಬೇಡ ಎನ್ನುವ ಪೈಕಿ ನಾನಲ್ಲ. ಬಾಡಿಗೆ ಕಾರಿಗೆ ಒರಗಿ, ಕೈಯಲ್ಲಿ ನೋಟಿನ ಕಟ್ಟುಗಳನ್ನು ಬೀಸಣಿಗೆ ಮಾಡಿಕೊಂಡು "ನನ್ನ ತಂಡ ಸೇರಿ, ನೀವೂ ಗಳಿಸಿ" ಎಂದು ಬಡ ಹೆಂಗಸರಿಗೆ ಟೋಪಿ ಹಾಕುವವರನ್ನು ಕಣ್ಣಾರೆ ಕಂಡಿದ್ದೇನೆ. ಅಂಥವರನ್ನು ಹಿಡಿಯಿರಿ, ನಾನೇ ತೋರಿಸಿಕೊಡುತ್ತೇನೆ. ಆದರೆ ಆ ಕಾರಿನವರು ನಿಮ್ಮ ಸಮಾವೇಶದ ವೇದಿಕೆಯ ಮೇಲೆ ಇನ್ನೂ ಹೂಗುಚ್ಛ ಹಿಡಿದು ನಿಂತಿದ್ದಾರೆ. ಸಿಕ್ಕಿಬಿದ್ದದ್ದು ನನ್ನ ಅಮ್ಮ. ಪ್ರತಿ ಲೈವ್‌ನ ಆರಂಭದಲ್ಲೂ 'ನಗದು ಹಣದ ಪ್ರದರ್ಶನ, ಆದಾಯದ ಆಮಿಷ' ಇದೆಯಂತೆ. ಒಂದೇ ಒಂದು ಐವತ್ತರ ನೋಟು, ಅದೂ ಮಗಳು ಪರದೇಶದಲ್ಲಿ ಪಾತ್ರೆ ತಿಕ್ಕಿ ಕಳಿಸಿದ್ದು. ಅದನ್ನು ನೋಡಿ ಯಾರಿಗೆ ಆಸೆ ಹುಟ್ಟೀತು?

ಶಾಖೆಗೆ ಓಡಿದೆ. ಮಾಮ್ ಚಾರಿ ನನ್ನನ್ನು ಕೂರಿಸಿ, ಬಿಸ್ಕೊಚೊ ರಸ್ಕಿನ ತಟ್ಟೆ ಮುಂದಿಟ್ಟು, ತಾವು ಮಾತ್ರ ನನ್ನ ಮುಖ ನೋಡಲಿಲ್ಲ.

"ನೊವೆಲಿನ್, ನನ್ ಮೇಲ್ ಕೂಗಾಡ್ಬೇಡ ಕಣಮ್ಮ. ಮನಿಲಾದಿಂದ ಬಂದಿದ್ದು. ನಾನು ಬರೀ ದಾಟಿಸೋಳು."

"ಮಾಮ್, ಅಮ್ಮಂಗೆ ಪಟ್ಟಿ ಹಾಕಿದ್ದು ನಿಮ್ ಕೈಯಲ್ವಾ?"

"ನಂದೇ. ಅದಕ್ಕೇ ಬಿಸ್ಕೊಚೊ ನಂಗೂ ಗಂಟ್ಲಲ್ಲಿ ಇಳೀತಿಲ್ಲ."

"ಬೋಣಿ ಅಂದ್ರೇನು ಅಂತ ಅವ್ರಿಗೆ ಹೇಳ್ಬಾರ್ದಾ?"

"ಹೇಳ್ದೆ ಕಣೇ. 'ಅಂಥ ಆಚರಣೆಗೆ ಅನುಮೋದಿತ ವಿನಾಯಿತಿ ಇಲ್ಲ' ಅಂತ ಬರೆದ್ರು. ಏನ್ ಮಾಡ್ಲಿ ಹೇಳು, ನಾನು ಇನ್ನೂ ಎರಡ್ ವರ್ಷ ದುಡೀಬೇಕು."

ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಮಗೆ ಮತ್ತೊಮ್ಮೆ ಬರೆದೆ: ಆಕೆ ಈಗಿಲ್ಲ, ಮಾರಾಟ ನಿಲ್ಲಿಸಿದ್ದೇನೆ, ಅವು ಈಗ ಮನೆಯವರ ನೆನಪು, ಬೇಕಾದರೆ ಬೇರೆಯವರಿಗೆ ಕಾಣದ ಹಾಗೆ ಇಟ್ಟುಕೊಳ್ಳುತ್ತೇನೆ, ಇಲ್ಲವೇ ಬೇರೆಡೆ ಇಳಿಸಿಕೊಳ್ಳಲು ಒಂದು ವಾರ ಕೊಡಿ. ನಿಮ್ಮ ಉತ್ತರ ನನಗೆ ಬಾಯಿಪಾಠವಾಗಿದೆ. 'ನಿಮ್ಮ ನಷ್ಟಕ್ಕೆ ನಮ್ಮ ಸಂತಾಪಗಳು. ನಿಯಮಗಳು ಎಲ್ಲ ಸ್ವತಂತ್ರ ಸಲಹೆಗಾರರಿಗೂ ಸಮಾನ.' ಮರುದಿನ ನೀವು ಜಾಲತಾಣಕ್ಕೆ ದೂರು ಕೊಟ್ಟಿರಿ, ಪುಟವೇ ಮಾಯವಾಯಿತು. ನಾನು ತಂಗಿಗೆ ಹೇಳುವ ಮೊದಲೇ ಅವಳ ಸಂದೇಶ ಬಂತು: "ಅಕ್ಕಾ, ಅಮ್ಮ ಸಿಗ್ತಿಲ್ಲ." ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಇಲ್ಲಿಗೆ ಮುಗಿದಿದ್ದರೆ ನಿಮ್ಮನ್ನು ಕಲ್ಲುಹೃದಯದವರು ಎಂದು ಬೈದು ಸುಮ್ಮನಾಗುತ್ತಿದ್ದೆ. ನೀವು ಬರೀ ಕಲ್ಲುಹೃದಯದವರಲ್ಲ. ಸಲಹೆಗಾರರು ಲೈವ್ ಮಾಡಬಾರದು ಎಂದ ನೀವೇ ಈಗ ಅದೇ ಸಂಜೆಯ ಹೊತ್ತಿಗೆ, ಕಿರುತೆರೆಯ ಚೆಲುವೆಯೊಬ್ಬಳನ್ನು ಕೂರಿಸಿಕೊಂಡು ಕಂಪನಿಯ ಲೈವ್ ನಡೆಸುತ್ತಿದ್ದೀರಿ, ನಮಗೆ ಕೊಡುವುದಕ್ಕಿಂತ ಅಗ್ಗಕ್ಕೆ. ನಮ್ಮ ಗಿರಾಕಿಗಳು ಅಲ್ಲಿ 'ಮೈನ್' ಎನ್ನುತ್ತಿದ್ದಾರೆ. ಆ ಹೊಟ್ಟೆಯುರಿಯನ್ನೂ ನುಂಗಿಕೊಂಡೆ. ಆದರೆ ಕಳೆದ ತಿಂಗಳು ನಿಮ್ಮ ಅಧಿಕೃತ ಪುಟದಲ್ಲಿ ಒಂದು ಜಾಹೀರಾತು ಬಂತು. ಒಬ್ಬ ಮುದುಕಿ ನಗುತ್ತ ನೋಟಿನಿಂದ ಡಬ್ಬಿಗಳನ್ನು ತಟ್ಟುತ್ತಾಳೆ. ಕೆಳಗೆ ಅಂದದ ಅಕ್ಷರಗಳಲ್ಲಿ: 'ಬೋಣಿ: ನಮ್ಮ ಮಣ್ಣಿನ ನಂಬಿಕೆ, ನಮ್ಮ ಕುಟುಂಬದ ನಗು.'

ನಿಮ್ಮ ಕುಟುಂಬ! ಸ್ಪರ್ಧೆಗೆಂದು ನಾನು ಕಳಿಸಿದ ದೃಶ್ಯದ ತುಣುಕು ಅದು. ನನ್ನ ಪುಟದಲ್ಲಿ ಆಮಿಷವಾಗಿದ್ದ ಅದೇ ನೋಟು ನಿಮ್ಮ ಪುಟದಲ್ಲಿ ನಂಬಿಕೆಯಾಯಿತು. ಅವಳ ಹೆಸರಿಲ್ಲ. ಅವಳು ಈಗ ಇಲ್ಲ ಎಂಬ ಮಾತೂ ಇಲ್ಲ. ಅದರ ಕೆಳಗೆ ನಾನು ಬರೆದದ್ದು ಇಷ್ಟೇ: "ಇವಳು ನನ್ನ ಅಮ್ಮ." ನೀವು ಅದನ್ನು ಮರೆಮಾಡಿ, ನನಗೆ ಇನ್ನೊಂದು ಎಚ್ಚರಿಕೆ ಕಳಿಸಿದಿರಿ: 'ಕಂಪನಿಯ ಪ್ರಚಾರ ಸಾಮಗ್ರಿಯೊಂದಿಗೆ ಅನಧಿಕೃತವಾಗಿ ಸಂಬಂಧ ಹೇಳಿಕೊಂಡದ್ದು.' ಹೌದು ಮಾನ್ಯರೇ, ಸಂಬಂಧ ಹೇಳಿಕೊಂಡೆ. ಅವಳು ನನ್ನನ್ನು ಹೆತ್ತಿದ್ದಳು. ಅದಕ್ಕೂ ನಿಮ್ಮ ಅನುಮೋದನೆ ಬೇಕಿತ್ತೆ?

ಆ ತುಣುಕನ್ನು ಕಿತ್ತುಹಾಕಿ ಎಂದು ಕೇಳುವುದಕ್ಕೇ ಈ ಪತ್ರ ಬರೆಯಲು ಕೂತೆ. ಬರೆಯುವ ಮೊದಲು ಜೋಸಿಬೆಲ್‌ಗೆ ಫೋನು ಮಾಡಿ, "ಇವತ್ತು ಅವ್ರ ಜನ್ಮ ಜಾಲಾಡಿಬಿಡ್ತೀನಿ. ಅಮ್ಮನ್ನ ಅಲ್ಲಿಂದ ತೆಗೆಸಿಯೇ ತೀರ್ತೀನಿ," ಎಂದೆ.

ಅತ್ತಲಿಂದ ತರಕಾರಿ ಹೆಚ್ಚುವ ಸದ್ದು ನಿಂತಿತು.

"ಬೇಡ ಅಕ್ಕಾ."

"ಬೇಡ ಅಂದ್ರೆ? ಕದ್ದಿದ್ದಾರೆ ಕಣೇ!"

"ಕದ್ದಿರ್ಲಿ ಬಿಡು. ನಾನು ದಿನಾ ಅವ್ರ ಪುಟಕ್ಕೇ ಹೋಗಿ ನೋಡ್ತೀನಿ. ಬೇರೆಲ್ಲೂ ಅಮ್ಮ ಇಲ್ವಲ್ಲ. ನೋಟು ತಟ್ತಾಳೆ, ಮುಖ ಹತ್ರ ತರ್ತಾಳೆ, 'ಜೋ' ಅಂತಾಳೆ. ಅಷ್ಟಕ್ಕೇ ಕತ್ತರಿಸಿದ್ದಾರೆ. ಅಷ್ಟಾದ್ರೂ ಇರ್ಲಿ ಅಕ್ಕಾ, ನಿನ್ ದಮ್ಮಯ್ಯ."

ನಾನು ಮತ್ತೆ ಮತ್ತೆ ಹಾಕಿ ನೋಡಿದೆ. ನಿಜ. ಸಂಗೀತದ ಅಡಿಯಲ್ಲಿ, ತೀರ ಕೊನೆಗೆ, ಅಮ್ಮನ ಬಾಯಿ ತೆರೆಯುತ್ತದೆ, 'ಜೋ' ಎನ್ನುತ್ತದೆ, ನಿಮ್ಮ ಲಾಂಛನ ಬಂದು ಮುಚ್ಚುತ್ತದೆ. ನನ್ನ ತಂಗಿ ಅಷ್ಟಕ್ಕಾಗಿ ದಿನವೂ ನಿಮ್ಮ ಜಾಹೀರಾತು ನೋಡುತ್ತಾಳೆ. ನಿಮ್ಮ ಲೆಕ್ಕದಲ್ಲಿ ಅವಳು ಒಬ್ಬ ಆಸಕ್ತ ಗ್ರಾಹಕಿ.

ಆದ್ದರಿಂದ ನನ್ನ ಬೇಡಿಕೆ ಬದಲಾಗಿದೆ. ಸಲಹೆಗಾರ್ತಿಯ ಪಟ್ಟ ನನಗೆ ಬೇಡ. ಆ ದುಂಡು ದೀಪವನ್ನು ಮಾಮ್ ಚಾರಿಗೆ ಹಿಂದಿರುಗಿಸಿದ್ದೇನೆ. ಆ ತುಣುಕನ್ನು ತೆಗೆಯಬೇಡಿ, ಅದರ ಕೆಳಗೆ ಅವಳ ಪೂರ್ತಿ ಹೆಸರನ್ನು, ಫೆಲಿಸಿಸಿಮಾ ಗೆಲ್ವೆಸೊನ್, ಓತೊನ್ ಎಂದು ಬರೆಯಿರಿ. ಮತ್ತು ಸ್ಪರ್ಧೆಗೆಂದು ನೀವು ತರಿಸಿಕೊಂಡ ಪೂರ್ತಿ ದೃಶ್ಯ ನಿಮ್ಮ ಯಾವುದೋ ಯಂತ್ರದಲ್ಲಿ ಇದ್ದೇ ಇದೆ, ಇಲ್ಲದಿದ್ದರೆ ಕತ್ತರಿಸುವುದಕ್ಕೆ ಎಲ್ಲಿಂದ ಬಂತು? ಅದನ್ನು ನನಗಲ್ಲ, ನೇರ ರಿಯಾದಿಗೆ ಕಳಿಸಿ. 'ಜೋ' ಎನ್ನುವುದು ನಿಮ್ಮ ಜಾಹೀರಾತಿನ ಸದ್ದಲ್ಲ. ಅದು ನನ್ನ ತಂಗಿಯ ಹೆಸರು. ನನ್ನ ಅಮ್ಮ ಅದನ್ನು ಪೂರ್ತಿ ಕರೆದು, ಊಟವಾಯಿತೇ ಎಂದು ಕೇಳಿ ಮುಗಿಸಲಿ.

ಇಂತಿ,
ನಿಮ್ಮಿಂದ ಕೊನೆಗೂ ನಿಜವಾಗಿ ಸ್ವತಂತ್ರಳಾದ,
ಇಸ್ಯಾಂಗಮ್ಮನ ಮಗಳೆಂದು ಅನುಮೋದನೆಯಿಲ್ಲದೆ ಹೇಳಿಕೊಳ್ಳುವ
ನೊವೆಲಿನ್ ಗೆಲ್ವೆಸೊನ್